ಹಿನ್ನೀರ ದೇಶದ ಕಾಯ್ದೆ

ನವನಗರದ ಕೋರ್ಟಿನ ಕಂಪೌಂಡಿಗೆ ಆತು
ಬೇವಿನ ಕೆಳಗೆ ನನ್ನ ಟೇಬಲ್ಲು.
ಬಾಡಿಗೆ ಕರಾರು, ಹೆಸರು ಬದಲಾವಣೆ, ವಾರಸಾ,
ಎಲ್ಲದಕ್ಕೂ ನಮೂನೆ ಇದೆ.
ಮೂವತ್ತೊಂದು ವರ್ಷ. ಬೆರಳಿಗೇ ಬಾಯಿಪಾಠ.

ಅವತ್ತು ಇಬ್ಬರು ಬಂದರು.
ದಾನಮ್ಮ ತಂದೆ ಸಂಗಪ್ಪ ಹೂಲಗೇರಿ, ಬಸ್ ಕಂಡಕ್ಟರು,
ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದಳು.
ನೀಲಾಂಬಿಕಾ ತಂದೆ ಗುರುಬಸಪ್ಪ ಕಿರಸೂರ,
ಸಾಲಿ ಹುಡುಗರ ಯೂನಿಫಾರ್ಮ್ ಹೊಲಿಯುವವಳು,
ಕೊರಳಲ್ಲಿ ಇನ್ನೂ ಟೇಪು.

"ಆಪರೇಷನ್ ಐತ್ರಿ ಇಕೀದು.
ಸಹಿ ಯಾರ ಮಾಡತೀರಿ ಅಂದ್ರು. ನಾ ಅಂದೆ.
ನೀವು ಯಾರು ಅಂದ್ರು.
ಹನ್ನೆರಡ ವರ್ಷ ಒಂದ ಒಲಿ ಮುಂದ ಉಂಡೇವ್ರಿ,
ಯಾರು ಅನ್ನೂದಕ್ಕ ಕಾಗದ ಬೇಕಂತ.
ಬರದ ಕೊಡ್ರಿ."

ಹಾಳೆ ಏರಿಸಿದೆ. ಮೊದಲ ಹೆಸರು ಹೊಡೆದೆ.
ಎರಡನೆಯದಕ್ಕೆ ದಾಟಲು ಒಂದು ಪದ ಬೇಕು.
ನನ್ನ ಬಳಿ ಇದ್ದವು ಎರಡೇ:
ತಂದೆ. ಗಂಡ.
ಈ ಎರಡರಲ್ಲೊಂದು ಕೊಂಡಿಗೆ ಸಿಕ್ಕಿಸದೆ
ಹೆಂಗಸಿನ ಹೆಸರನ್ನು ನಾನು ಎಂದೂ ಹೊಡೆದವನಲ್ಲ.

ಆಗ ನೆನಪಾಯಿತು, ನನಗೊಂದು ದೇಶವಿದೆ,
ಆಲಮಟ್ಟಿಯ ಹಿನ್ನೀರಿನ ಅಡಿಗೆ.
ನಾವೆಲ್ಲ ಸೆಕ್ಟರ್ ನಂಬರುಗಳಾಗಿ ಮೇಲೆ ಬಂದಾಗ
ಅಲ್ಲೇ ಉಳಿದ ಕಟ್ಟೆ, ಹಗೇವು, ಹೊಸ್ತಿಲು,
ಒಂದು ಗರಡಿಮನೆ.
ಬೇಸಿಗೆಗೆ ನೀರು ಸರಿದು ಗೋಡೆ ತಲೆ ಎತ್ತಿದರೆ
ಅಧಿವೇಶನ ಶುರು.
ಹುಣಸೆಯ ಬೊಡ್ಡೆ ಸಭಾಪತಿ.
ಕೋರಂಗೆ ನಾಲ್ಕು ಬೆಳ್ಳಕ್ಕಿ ಸಾಕು.

ಮಸೂದೆ ಮಂಡಿಸಿದೆ:
ಒಂದೇ ಒಲೆಯ ಬೂದಿ ತೆಗೆಯುವವರು ಸಂಬಂಧಿಕರು.
ಗಂಡೋ, ಹೆಣ್ಣೋ, ಎರಡೂ ಅಲ್ಲವೋ,
ಹೇಳತಕ್ಕವರು ಅವರೇ, ತಹಸೀಲ್ದಾರರಲ್ಲ.
ಆಸ್ಪತ್ರೆಯ ಬಾಗಿಲಲ್ಲಾಗಲಿ, ಬಾಡಿಗೆ ಮನೆಯ ಬಾಗಿಲಲ್ಲಾಗಲಿ,
ಕುಣಿಯ ಅಂಚಿನಲ್ಲಾಗಲಿ
ನೀನು ಯಾರು ಎಂದು ಕೇಳತಕ್ಕದ್ದಲ್ಲ.

ಒಂದು ಮುದಿ ಬುರುಜು ಎದ್ದು ನಿಂತು
ಹಿರಿಯರು ಏನೆಂದಾರು ಎಂದಿತು.
ಹಿರಿಯರೂ ಮುಳುಗ್ಯಾರ, ಕುಂದರು, ಎಂದಿತು ಬೊಡ್ಡೆ.

ಗರಡಿಮನೆ ಮಾತ್ರ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.
ನನ್ನನ್ನೇ ನೋಡುತ್ತಿತ್ತು.

ಅಲ್ಲಿ ನನ್ನ ಕಾಕಾ ಮತ್ತು ದಸ್ತಗೀರ
ಒಟ್ಟಿಗೆ ಕೆಮ್ಮಣ್ಣು ಹದ ಮಾಡುತ್ತಿದ್ದರು.
ಒಂದೇ ಬುತ್ತಿ, ಒಂದೇ ಕೌದಿ.
ಊರಿಗೆ ಗೊತ್ತಿತ್ತು, ಊರು ಕೇಳಿರಲಿಲ್ಲ.
ಕಾಕಾ ತೀರಿದ ವರ್ಷವೇ ಪರಿಹಾರದ ಅರ್ಜಿ ಬಂತು.
ಮೃತನೊಂದಿಗೆ ಸಂಬಂಧ ಎಂಬ ಗೆರೆಗೆ ಬೆರಳಿಟ್ಟು
ಇಲ್ಲೇನು ಬರೀತಿ ತಮ್ಮಾ, ಎಂದು ಕೇಳಿದ ದಸ್ತಗೀರ.
ನನಗೆ ಇಪ್ಪತ್ಮೂರು. ಹೊಸ ಮಷೀನು.
ಇಲ್ಲ, ಎಂದು ಹೊಡೆದೆ.
ಎರಡೇ ಅಕ್ಷರ.
ಹಣ ನಮ್ಮ ಮನೆಗೆ ಬಂತು.
ಈ ಟೇಬಲ್ಲು ಆ ಹಣದ್ದು.

"ಯಾಕ್ರೀ, ಪದ ಸಿಗವಲ್ದೇನು?"

ಎರಡು ಹೆಸರು ಹೊಡೆದು ನಡುವೆ ಜಾಗ ಬಿಟ್ಟೆ.
ಇಲ್ಲೀತನಕ ಬಾಯಿಬಿಡದ ನೀಲಾಂಬಿಕಾ
ಕೊರಳ ಟೇಪು ಎಳೆದು ಆ ಖಾಲಿಯನ್ನು ಅಳೆದಳು.
"ಒಂದೂವರಿ ಇಂಚ್ ಐತಿ. ಇರಲಿ ಬಿಡ್ರಿ.
ಹುಡುಗರ ಅಂಗಿಗೂ ಒಳಗ ಹೆಚ್ಚಿಗಿ ಬಟ್ಟಿ ಬಿಟ್ಟಿರತೀವಿ,
ಬೆಳದ ಮ್ಯಾಲ ಬಿಚ್ಚಾಕ ಬರತೈತಿ."

ಪುಕ್ಕಟೆ ಮಾಡಿಕೊಟ್ಟೆ ಎಂದರೆ ಸುಳ್ಳಾದೀತು.
ಅರವತ್ತು ರೂಪಾಯಿ ತೆಗೆದುಕೊಂಡೆ,
ಬೇರೆಯವರಿಗೆ ಎಷ್ಟೋ ಅಷ್ಟೇ.

ನೋಟರಿ ಕನ್ನಡಕ ಏರಿಸಿ ಓದಿದ,
ತಿರುವಿ ಓದಿದ, ಮುದ್ರೆ ಎತ್ತಲಿಲ್ಲ.
"ಇದು ಯಾವ ದೇಶದಾಗ ನಡೀತೈತಿ?"

ಈಗಿನ್ನೂ ಶ್ರಾವಣ. ಸೇತುವೆಯ ಕಂಬಕ್ಕೆ
ನೀರು ಎದೆಮಟ್ಟ ಬಂದಿದೆ.
ಕೆಳಗೆ, ಗರಡಿಯ ಬಾಗಿಲಲ್ಲಿ
ಯಾರೋ ಚಪ್ಪಲಿ ಬಿಟ್ಟು ಒಳಗೆ ಹೋದಂತಿದೆ,
ಎರಡು ಜೋಡಿ.