ಸೇತುವೆಯ ಮೇಲೆ ಸ್ಟಾಪಿಲ್ಲ

ಸ್ಟೇಟ್ ಬ್ಯಾಂಕಿನಿಂದ ಉಳ್ಳಾಲಕ್ಕೆ
ಎಷ್ಟು ಸ್ಟಾಪು ಅಂತ ಕೇಳಿದರೆ
ಮೊದಲೆಲ್ಲ ಬಾರುಗಳನ್ನು ಎಣಿಸಿ ಹೇಳುತ್ತಿದ್ದೆ.
ಆ ಲೆಕ್ಕ ತಪ್ಪುತ್ತಿರಲಿಲ್ಲ. ಚಿಲ್ಲರೆಯದು ತಪ್ಪುತ್ತಿತ್ತು,
ಚೀಲದ ನೋಟು ಕಿಸೆಗೆ ದಾರಿ ಹುಡುಕಿಕೊಳ್ಳುತ್ತಿತ್ತು.

ಒಂದು ಸಂಜೆ ಪಂಪ್‌ವೆಲ್‌ನಲ್ಲಿ ಮಗಳು ಹತ್ತಿದಳು,
ಜೊತೆಗೆ ಕಾಲೇಜಿನ ಗೆಳತಿಯರು.
ನನ್ನ ಬಾಯಿಯ ವಾಸನೆಗೆ ಮುಖ ತಿರುಗಿಸದೆ
"ತೊಕ್ಕೊಟ್ಟು ಒಂದು" ಎಂದಳು,
ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟಳು.
ಟಿಕೆಟು ಹರಿದು ಕೊಟ್ಟೆ.

ಅಂದೇ ಬಿಟ್ಟೆ ಅಂದರೆ ಸುಳ್ಳಾಗುತ್ತದೆ.
ಅಂದು ಎರಡು ಜಾಸ್ತಿಯೇ ಕುಡಿದೆ.
ಆಮೇಲೆ ಬಿಟ್ಟೆ, ಹಿಡಿದೆ, ಮತ್ತೆ ಬಿಟ್ಟೆ.
ದೈವದ ಮುಂದೆ ಕೊಟ್ಟ ಮಾತೂ
ನಲವತ್ತೊಂದು ದಿನವೇ ಬಾಳಿದ್ದು.

ಈಗ ಹನ್ನೊಂದು ತಿಂಗಳು.
ಜಪ್ಪಿನಮೊಗರು ದಾಟಿದರೆ ನೇತ್ರಾವತಿಯ ಸೇತುವೆ,
ಹತ್ತುವವರಿಲ್ಲ, ಇಳಿಯುವವರಿಲ್ಲ,
ಕೈಗೆ ಕೆಲಸವಿಲ್ಲದ ಎರಡು ನಿಮಿಷ.
ಮೊದಲು ಅದಕ್ಕೇ ಹೆದರಿ
ಎಣಿಸಿದ ನೋಟುಗಳನ್ನೇ ಮತ್ತೆ ಎಣಿಸುತ್ತಿದ್ದೆ.
ಈಗ ಫುಟ್‌ಬೋರ್ಡಿನಲ್ಲಿ ನಿಂತು ನೋಡುತ್ತೇನೆ:
ಕೆಳಗೆ ಮರಳಿನ ದೋಣಿ, ಕಂದು ನೀರು,
ಒಳಗೆ ಹಿಂದಿನ ಸೀಟಿನಲ್ಲಿ ಅವನು,
ಟಿಕೆಟಿಲ್ಲದೆ, ನನ್ನದೇ ಖಾಕಿ ಅಂಗಿಯಲ್ಲಿ.
ಅವನನ್ನು ಇಳಿಸಲು ಆಗುವುದಿಲ್ಲ ಮಾರಾಯರೆ,
ಎಲ್ಲಿ ಕೂತಿದ್ದಾನೆ ಅಂತ ಗೊತ್ತಿರಬೇಕು, ಅಷ್ಟೆ.

ಆಚೆ ದಡ. ದೀಪ ಹೊತ್ತಿಸಿಕೊಂಡ ಬೋರ್ಡು.
"ಇಳಿಯುವವರು ಉಂಟಾ?"
ಕೂಗಿ, ಒಂದು ಗಳಿಗೆ ಕಾಯುತ್ತೇನೆ.
ಡ್ರೈವರ್ ಲ್ಯಾನ್ಸಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾನೆ.

ರೈಟ್, ಪೋಯಿ.