ಕೋಟಿನ ಗೂಟ

ನೆಲಮಾಳಿಗೆಯ ಕತ್ತಲಲ್ಲಿದ್ದಾಗ
ಮೀಟರನ್ನು ಮಾತಾಡಿಸಿದವರಿಲ್ಲ.
ಈಗ ಬಾಗಿಲೊಳಗೇ, ಕೋಟಿನ ಗೂಟದ ಪಕ್ಕ
ಅಂಗೈಯಗಲದ ಪರದೆ.
"ಯೂನಿಟ್ಟಿನ ಗೊಡವೆ ಬಿಡಿ" ಅಂದಿದ್ದ
ತಗುಲಿಸಿ ಹೋದ ಹುಡುಗ,
"ಗಂಟೆಗೆಷ್ಟು ಸೆಂಟು, ಅಷ್ಟೇ ನೋಡಿ."

ಫೆನ್ನಾ ನೋಡಿದಳು.
ಕೆಟಲ್ ಇಟ್ಟರೆ ಅರವತ್ತಕ್ಕೆ ಜಿಗಿತ;
ಡ್ರೈಯರ್ ತಿರುಗಿದರೆ ಎಂಬತ್ತು.
ಲೀವಾರ್ಡನ್ನಿನ ಮಳೆಗೆ ಬೈಯುತ್ತ
ಚಹಾದ ನೀರನ್ನು ಲೋಟದಲ್ಲಿ ಅಳೆದಳು,
ಇಸ್ತ್ರಿ ಬರೀ ಕಾಲರಿಗೆ ಅಂದಳು.
"ಅಮ್ಮನಿಗೆ ಹೊಸ ದೇವರು" ಎಂದು
ಮಗ ಯೆಲ್ಲೆ ನಕ್ಕ.

ಒಂದು ರಾತ್ರಿ, ಎರಡು ಗಂಟೆ.
ಮಲಗಿದ ಮನೆ
ಮೂರು ಸೆಂಟಿನಷ್ಟೇ ಉಸಿರಾಡಬೇಕು.
ಮೂವತ್ತಮೂರು ಅನ್ನುತ್ತಿದೆ.

ಅಡುಗೆಮನೆ ಬಾಗಿಲ ಸಂದಿಯಲ್ಲಿ ಕೆಂಪು:
ಕಾಲ ಬಳಿ ಪುಟ್ಟ ಹೀಟರು,
ಮೇಜಿಗೆ ಬಾಗಿದ ಗಂಡ ವೀಬೆ.
ಚೀಸ್ ಕಾರ್ಖಾನೆ ಕದ ಹಾಕಿ ಏಳು ವಾರ.
ಒಂದೇ ಬೆರಳಲ್ಲಿ ಅರ್ಜಿ ಕುಟ್ಟುತ್ತಾನೆ,
ಅಳಿಸುತ್ತಾನೆ;
ಐವತ್ತಮೂರು ಎಂಬುದನ್ನು
ಎಲ್ಲಿ ಬರೆದರೆ ಕಡಿಮೆ ಕಾಣುತ್ತದೆ?

ಕದ ತಟ್ಟಲಿಲ್ಲ ಅವಳು.
ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸಿದಳು:
ಮೂರು ಗಂಟೆಗೆ ತೊಂಬತ್ತು.
ಹೆಚ್ಚುಕಡಿಮೆ ಡ್ರೈಯರಿನ ಒಂದು ಸರದಿ.

ಬೆಳಿಗ್ಗೆ ನಡುಮನೆಯಲ್ಲಿ ಅಡ್ಡಡ್ಡ ಹಗ್ಗ,
ತೊಟ್ಟಿಕ್ಕುವ ಹಾಸುಬಟ್ಟೆ.
"ಡ್ರೈಯರ್ ಕೆಟ್ಟಿದೆ."

ತಿಂಗಳ ಕೊನೆಗೆ ಕಂಪನಿಯ ಕಾಗದ:
ನೆರೆಯವರಿಗಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.
ಕೆಳಗೆ ನಗದ, ಅಳದ ಒಂದು ದುಂಡು ಮುಖ.
ಫ್ರಿಜ್ಜಿಗೆ ಅಂಟಿಸಿದಳು ಅದನ್ನು.

ದಿನಾ ಮಲಗುವ ಮುಂಚೆ
ತನ್ನ ಉದ್ದ ಕೋಟನ್ನು
ಒಂದು ಗೂಟ ಈಚೆಗೆ ತೂಗುಹಾಕುತ್ತಾಳೆ,
ಪರದೆ ಮುಚ್ಚುವಂತೆ.