ಗಡುವಿಗೆ ಹನ್ನೊಂದು ದಿನ

ಶೆಪ್ಪರ್ಟನ್ನಿನ ತೋಟಗಳಲ್ಲಿ ಪೀಚ್ ಹೂವಿಟ್ಟಿದೆ.
ಲ್ಯಾಪ್‌ಟಾಪಿನಲ್ಲಿ ಸರ್ಕಾರದ ಅರ್ಜಿ ಬಾಯ್ತೆರೆದು ಕೂತಿದೆ,
ಮೊದಲ ಹೆಸರು ಎಂಬ ಖಾನೆಯಲ್ಲಿ
ಗೆರೆಯೊಂದು ಮಿಣುಕುತ್ತ, ಮಿಣುಕುತ್ತ.
ಹುಟ್ಟಿ ನಲವತ್ತೊಂಬತ್ತು ದಿನ.
ಅರವತ್ತರೊಳಗೆ ಇದಕ್ಕೊಂದು ಹೆಸರು ಬೇಕಂತೆ.

ಮೈಲಾರ, ಅಂದೆ ನಾನು. ನನ್ನಜ್ಜನ ಹೆಸರು.
ನರ್ಸ್ ಕೆರಿನ್ ಕೂಸನ್ನು ತಕ್ಕಡಿಯ ಮೇಲಿಟ್ಟು
"ಮೈಲಾರಾ! ಎಷ್ಟು ಚೆಂದ! ತೂಕ ಎಷ್ಟು ನೋಡೋಣ ಇವಳದು"
ಎನ್ನುತ್ತ ಡೈಪರ್ ಬಿಚ್ಚಿ, ಒಂದು ಗಳಿಗೆ ತಡೆದು,
"ಓ" ಅಂದಳು.
ಕೂಸು ಅಷ್ಟರಲ್ಲಿ ಉತ್ತರ ಕೊಟ್ಟಾಗಿತ್ತು
ಅವಳ ತೋಳಿಗೆ, ಬೆಚ್ಚಗೆ.

ಮೈಲಾ ಅಂತ ಹುಡುಗಿಯರಿದ್ದಾರೆ ಇಲ್ಲಿ, ಲಾರಾ ಅಂತಲೂ.
ಎರಡನ್ನೂ ಒಂದೇ ಕೂಸಿಗೆ ಕಟ್ಟಿದ್ದೇನೆ ನಾನು.
ಹೇಗೆ ಹೇಳಲಿ ಕೆರಿನ್‌ಗೆ,
ಅವನು ಕುದುರೆಯೇರಿದ ದೇವರೆಂದು,
ಅವನನ್ನು ಕೂಗಿ ಗೊರವರು
ಕಬ್ಬಿಣದ ಸರಪಳಿ ಜಗ್ಗಿ ಹರಿಯುತ್ತಾರೆಂದು.
ಅಂಥವನ ಕೊನೆಯ ಅಕ್ಷರ
ಸಮುದ್ರ ದಾಟುವಾಗ ಲಂಗ ಉಟ್ಟುಕೊಂಡಿತೇ?

ಬ್ಯಾಡ, ಅಂದ ಗಂಡ.
ಶೀಲವಂತ ಅವನು. ಡಬ್ಬಿಹಣ್ಣಿನ ಕಾರ್ಖಾನೆಯಲ್ಲಿ
ಮೊದಲ ದಿನವೇ ಅರ್ಧ ಹೆಸರು ಕತ್ತರಿಸಿ ಬ್ಯಾಡ್ಜು ಮಾಡಿದರು.
ಶೀಲಾ ಅಂದರೆ ಈ ದೇಶದ ಹಳೇ ಪೋಲಿಮಾತಿನಲ್ಲಿ
ಹೆಂಗಸು, ಯಾವಳೋ ಒಬ್ಬಳು.
ಆ ತುದಿಯಿಂದ ಈ ತುದಿಗೆ,
"ಶೀಲಾ, ಮುಚ್ಚಳ ಕಳಿಸು!"
ಆರು ವರ್ಷ ಎಲ್ಲರ ಜೊತೆ ಅವನೂ ನಕ್ಕ.
ನನಗೆ ಗೊತ್ತಾದದ್ದು ಮೊನ್ನೆ ರಾತ್ರಿ.
"ಇವಂಗ ಬ್ಯಾಡ," ಅಂದ, ಗೋಡೆಯ ಕಡೆ ತಿರುಗಿ.
"ಮೈಲ್ಸ್ ಅಂತಿಡೂಣು. ಕಡೀ ಅಕ್ಷರ ತೆಗದ್ರ ಏನು ಹೋಗ್ತದ?"

ಏನು ಹೋಗುತ್ತದೆ.
ಅಜ್ಜ ಹೊಲಿದ ಕೌದಿ ತೊಟ್ಟಿಲಲ್ಲಿದೆ.
ಅಜ್ಜಿಯಲ್ಲ, ಅಜ್ಜ. ಗರಡಿಯ ಮೈ, ಕಿವಿಯಲ್ಲಿ ಒಂಟಿ,
ಮಧ್ಯಾಹ್ನ ಕಟ್ಟೆಯ ಮೇಲೆ ಹಳೆ ಇಳಕಲ್ ಸೀರೆ ಹರವಿಕೊಂಡು
ದಬ್ಬಣದಂಥ ಸೂಜಿಯಲ್ಲಿ ಸಾಲು, ಮತ್ತೊಂದು ಸಾಲು.
ಹೆಂಗಸರ ಕೆಲಸ ಅಂತ ಯಾರೂ ಅನ್ನಲಿಲ್ಲ.
ಅಂದಿದ್ದರೂ ಅಜ್ಜನಿಗೆ ಕಿವಿ ಮಂದ.

ಬೇಲಿಯಾಚೆ ನಿಕ್, ಎಂಬತ್ತೆರಡರವ,
ಬೀನ್ಸ್ ಗಿಡಕ್ಕೆ ಕೋಲು ಕಟ್ಟುತ್ತಿದ್ದ.
"ಹೆಸರಿಟ್ಟಿರಾ?" ಕೇಳಿದ. ಎಲ್ಲ ಹೇಳಿದೆ.
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿಸಿಕೊಂಡ.
"ನಾನು ನಿಕೋಲ," ಅಂದ ಆಮೇಲೆ.
"ಕಲಾಬ್ರಿಯಾದಿಂದ ಹಡಗಿಳಿದಾಗ ಏಳು ವರ್ಷ.
ಹುಡುಗಿ ಹೆಸರು ಅಂದಳು ಟೀಚರು, ಒರೆಸಿ ನಿಕ್ ಬರೆದಳು.
ಅಮ್ಮ ಒಬ್ಬಳೇ ಪೂರ್ತಿ ಕರೆಯುತ್ತಿದ್ದವಳು.
ಹೋಗಿ ಮೂವತ್ತೊಂದು ವರ್ಷ.
ಹೆಂಡತಿಗೂ ನಾನು ನಿಕ್ಕೇ."
ಇಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ಒಂದು ಹಿಡಿ ಎಳೆ ಬೀನ್ಸ್ ಕಿತ್ತುಕೊಟ್ಟು ಒಳಗೆ ಹೋದ.

ರಾತ್ರಿ ಎರಡು ಗಂಟೆ. ಕೂಸು ಅಳುತ್ತದೆ.
ಅಳುತ್ತದೆ: ನಮ್ಮ ಮಾತಿನಲ್ಲಿ ಕೂಸು
ಅವನೂ ಅಲ್ಲ ಅವಳೂ ಅಲ್ಲ, ಇನ್ನೂ ಅದು.
ಶೀಲವಂತ ಎದ್ದ. ಬೆಳಗಿನ ಪಾಳಿ ಇದ್ದರೂ ಎದ್ದ.
ಹಜಾರದ ಕತ್ತಲಲ್ಲಿ ಹೆಗಲಿಗೆ ಹಾಕಿಕೊಂಡು
ಆ ತುದಿಯಿಂದ ಈ ತುದಿಗೆ,
"ಅಳಬ್ಯಾಡ ನನ್ನವ್ವ, ಸುಮ್ಮನಾಗು ನನ ತಾಯಿ,
ಯಾರು ಬೈದ್ರು ನನ್ನವ್ವಗ?"
ಅವನವ್ವ ಅವನಿಗೆ ಹೀಗೇ ಅಂದಿರಬೇಕು,
ಮೀಸೆ ಬರುವ ಮೊದಲು,
ಬಂದ ಮೇಲೂ ಒಂದೆರಡು ಸಲ, ಜ್ವರ ಬಂದಾಗ.

ನಾನು ಹಾಸಿಗೆಯಲ್ಲೇ ಕೂತು ಟೈಪಿಸಿದೆ.
ಇಂಗ್ಲಿಷಿನಲ್ಲಿ ಏಳು ಅಕ್ಷರ. ಏಳು ಕೋಟಿಯಲ್ಲ, ಬರೀ ಏಳು.
ಕೊನೆಯದನ್ನು ಅಳಿಸಿದೆ. ಮತ್ತೆ ಹಾಕಿದೆ.
ಕಳಿಸುವ ಗುಂಡಿ ಒತ್ತಿಲ್ಲ ಇನ್ನೂ.
ಬೆಳಿಗ್ಗೆ ಅವನೇ ಓದಲಿ, ಜೋರಾಗಿ, ಪೂರ್ತಿ.
ಹಜಾರದಲ್ಲಿ ಹೆಜ್ಜೆ ನಿಂತಿವೆ.
ಇಬ್ಬರಲ್ಲಿ ಯಾರು ಮೊದಲು ಮಲಗಿತೋ.